ಹದಿನಾಲ್ಕು ವರ್ಷದ ಪ್ರಭಾರಿ

ನಜರ್‌ಬಾದಿನ ಚಿತ್ಕಳಾ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ, ಒಂದು ಮರದ ಹಲಗೆ ಇದೆ. ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರ. 1957ರಲ್ಲಿ ಶಾಲೆ ಶುರುವಾದಂದಿನಿಂದ ಯಾರು ಯಾರು ಮುಖ್ಯೋಪಾಧ್ಯಾಯರಾಗಿದ್ದರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬುದೆಲ್ಲ ಅದರ ಮೇಲಿದೆ. ನಾಲ್ಕನೆಯ ಹೆಸರು ಲಕ್ಷ್ಮೀನರಸಿಂಹ, 1971ರಿಂದ 1993. ಅದರ ಕೆಳಗೆ ಬಹಳ ಕಾಲ ಏನೂ ಇರಲಿಲ್ಲ. ಹಾಗಾದರೆ ಶಾಲೆ ಮುಚ್ಚಿಹೋಗಿತ್ತೇ ಎಂದರೆ ಇಲ್ಲ. ಗಂಟೆ ಹೊಡೆಯುತ್ತಿತ್ತು, ಮಕ್ಕಳು ಬರುತ್ತಿದ್ದರು, ಎಸೆಸೆಲ್ಸಿ ಫಲಿತಾಂಶ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ನಡೆಸುತ್ತಿದ್ದವರ ಹೆಸರು ಮಾತ್ರ ಹಲಗೆಗೆ ಹತ್ತಿರಲಿಲ್ಲ.

ಆ ಹೆಸರು ಸರ್ವಮಂಗಳಾ. ಶಾಲೆಯಲ್ಲಿ ಮೇಡಂ, ಮನೆಯಿದ್ದ ಕುಂಬಾರಕೊಪ್ಪಲಿನಲ್ಲಿ ಟೀಚರಮ್ಮ. ಗಣಿತ ಅವರ ವಿಷಯ, ಸಿಡುಕು ಅವರ ಸ್ವಭಾವ, ಎರಡನ್ನೂ ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ. ಬೆಳಿಗ್ಗೆ ಹಣೆಗೆ ವಿಭೂತಿ, ಕೈಯಲ್ಲಿ ಊಟದ ಡಬ್ಬಿಯ ಚೀಲ, ಕುಂಬಾರಕೊಪ್ಪಲಿನಿಂದ ಸಿಟಿ ಬಸ್ ಸ್ಟ್ಯಾಂಡಿನವರೆಗೆ ಬಸ್ಸು, ಅಲ್ಲಿಂದ ನಜರ್‌ಬಾದಿಗೆ ಬಿರುಸು ನಡಿಗೆ. ಬಸ್ಸು ಹತ್ತು ನಿಮಿಷ ತಡವಾದರೆ ಕಂಡಕ್ಟರಿಗೆ ಮಂಗಳಾರತಿ. ಗಂಡ ಬಸವರಾಜು ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು, ಮಿಕ್ಕ ಪಾಲನ್ನು ಹೆಂಡತಿಗೆ ಬಿಟ್ಟುಕೊಟ್ಟಿದ್ದರು.

ಲಕ್ಷ್ಮೀನರಸಿಂಹ ಮೇಷ್ಟ್ರ ಅಜ್ಜ ಅರಮನೆಯಲ್ಲಿ ಗ್ರಂಥಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರಂತೆ. ಆ ಗತ್ತು ಮೊಮ್ಮಗನ ಪಂಚೆಯ ನೆರಿಗೆಯಲ್ಲಿ ಉಳಿದಿತ್ತು. 1993ರ ಮೇ ತಿಂಗಳ ಕೊನೆಯ ದಿನ ಅವರು ಬೀರುವಿನ ಬೀಗದ ಕೈಗಳನ್ನು ಸರ್ವಮಂಗಳಮ್ಮನ ಮುಂದಿಟ್ಟು, "ನೀವೇ ಸೀನಿಯರ್. ನಾಳೆಯಿಂದ ಈ ಕೋಣೆ ನಿಮ್ದು. ಕಮಿಟಿಯವರು ಆರ್ಡರ್ ಕೊಡೋವರೆಗೂ ಸಹಿ ಕೆಳಗೆ 'ಪ್ರಭಾರಿ' ಅಂತ ಬರೀಬೇಕಾಗುತ್ತೆ. ಒಂದು ತಿಂಗಳೋ ಎರಡು ತಿಂಗಳೋ, ಅಷ್ಟೇ" ಎಂದರು. ಅವರು ಚರಿತ್ರೆಯ ಮೇಷ್ಟ್ರು. ಲೆಕ್ಕ ತಪ್ಪಿತು.

ಪ್ರಭಾರಿ ಎಂದರೆ ಏನು ಎಂದು ಆ ಕೆಲಸ ಮಾಡಿದವರನ್ನು ಕೇಳಬೇಕು. ಕೆಲಸವೆಲ್ಲ ನಿಮ್ಮದು, ಹುದ್ದೆ ನಿಮ್ಮದಲ್ಲ. ಬೈಗುಳ ನಿಮ್ಮದು, ಹಲಗೆಯ ಮೇಲಿನ ಜಾಗ ನಿಮ್ಮದಲ್ಲ. ಸರ್ಕಾರದ ಅನುದಾನ ಪಡೆಯುವ ಶಾಲೆಯಾದರೂ ಆಡಳಿತ ಖಾಸಗಿ ಕಮಿಟಿಯದು, ಕಮಿಟಿ ಎಂದರೆ ಕಾರ್ಯದರ್ಶಿ ರುದ್ರಸ್ವಾಮಿಯವರು. ಸಂತೆಪೇಟೆಯಲ್ಲಿ ಅವರಿಗೆ ಅಕ್ಕಿ ಮಂಡಿ ಇತ್ತು, ಮಠದಲ್ಲಿ ಮರ್ಯಾದೆ ಇತ್ತು, ಬಾಯಲ್ಲಿ ಬೆಲ್ಲ ಇತ್ತು. ಸರ್ವಮಂಗಳಮ್ಮ ಆರ್ಡರಿನ ಮಾತೆತ್ತಿದಾಗಲೆಲ್ಲ ಆ ಬೆಲ್ಲ ಕರಗುತ್ತಿತ್ತು. ಮೊದಲ ವರ್ಷ, "ಮೀಟಿಂಗ್ ಆಗ್ಲಿ ತಡೀರಮ್ಮ." ಎರಡನೆಯ ವರ್ಷ, "ಅಧ್ಯಕ್ಷರಿಗೆ ಮೈ ಹುಷಾರಿಲ್ಲ." ಮೂರನೆಯ ವರ್ಷ, "ದೊಡ್ಡ ಹುಡುಗ್ರಿರೋ ಸ್ಕೂಲು, ಹೆಣ್ಮಕ್ಕಳು ಹಿಡಿತ ಇಟ್ಕೋತಾರಾ ಅಂತ ಕೆಲವರು ಕೇಳ್ತಾವ್ರೆ." ನಾಲ್ಕನೆಯ ವರ್ಷ, "ಹಿಡಿತ ಜಾಸ್ತಿ ಆಯ್ತು ಅಂತ ಕಂಪ್ಲೇಂಟ್ ಬಂದದೆ."

ಶಾಲೆಯ ಆಯಾ ಕೆಂಚಮ್ಮ ಇದನ್ನೆಲ್ಲ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ದೇವ್ರು ವರ ಕೊಟ್ರೂ ಪೂಜಾರಿ ಕೊಡಾಕಿಲ್ಲ ಕಣ್ ಮೇಡಮ್ಮೋರೆ" ಎಂದು ಅವಳು ಹೇಳಿದರೆ, "ನೀನು ಹೋಗಿ ಗಂಟೆ ಹೊಡಿ" ಎಂದು ಇವರು ಗದರುತ್ತಿದ್ದರು. ಆದರೆ ಕೆಂಚಮ್ಮನ ಮಾತು ನಿಜ. ಪೂರ್ತಿ ಅಧಿಕಾರ ಕೊಟ್ಟರೆ ಮನುಷ್ಯ ಬೆನ್ನು ನೆಟ್ಟಗೆ ಮಾಡುತ್ತಾನೆ. ಪ್ರಭಾರಿಯಾದರೆ ನಾಳೆ ತೆಗೆಯಬಹುದು ಎಂಬ ಹೆದರಿಕೆಯಲ್ಲಿ ಬಗ್ಗಿರುತ್ತಾನೆ ಎಂಬುದು ರುದ್ರಸ್ವಾಮಿಯವರ ಲೆಕ್ಕ. ಬಹಳ ಶಾಲೆಗಳು ಇದೇ ಲೆಕ್ಕದ ಮೇಲೆ ನಡೆಯುತ್ತವೆ. ಅವರು ಸರ್ವಮಂಗಳಮ್ಮನನ್ನು ಸರಿಯಾಗಿ ನೋಡಿರಲಿಲ್ಲ, ಅಷ್ಟೇ.

ಆ ಹುದ್ದೆಯ ಆಸೆ ಅವರಿಗೆ ಇರಲಿಲ್ಲ ಎಂದು ಮಾತ್ರ ತಿಳಿಯಬೇಡಿ. ಇತ್ತು, ಬೇಕಾದಷ್ಟಿತ್ತು. ಶಾಲೆ ಬಿಟ್ಟ ಮೇಲೆ ಕೋಣೆಯಲ್ಲಿ ಯಾರೂ ಇಲ್ಲದಾಗ ಅವರು ಒದ್ದೆ ಬಟ್ಟೆಯಲ್ಲಿ ಆ ಹಲಗೆಯ ಖಾಲಿ ಜಾಗವನ್ನು ಒರೆಸುತ್ತಿದ್ದರು. ಆಮೇಲೆ ಗೇಣು ಹಾಕಿ ಅಳೆಯುತ್ತಿದ್ದರು. ಸರ್ವಮಂಗಳಾ ಎಂದು ಬರೆದರೆ ಒಂದು ಗೇಣು, ವರ್ಷಗಳಿಗೆ ಇನ್ನೊಂದು, ಅಷ್ಟಾದರೂ ಜಾಗ ಮಿಗುತ್ತದೆ. ಕೆಂಚಮ್ಮ ಒಮ್ಮೆ ಅದನ್ನು ಕಂಡು, ಕಾಣದವಳಂತೆ ಪೊರಕೆ ಹಿಡಿದು ಆಚೆ ಹೋದಳು.

ಅವರು ಪಾಠ ಮಾಡುವುದರಲ್ಲಿ ಒಂದು ಕ್ರಮವಿತ್ತು. ದಿನಕ್ಕೊಂದು ತಪ್ಪನ್ನು ಬೇಕೆಂದೇ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಎಲ್ಲಿ ಬರೆದಿದ್ದಾರೆ, ಯಾವಾಗ ಬರೆದಿದ್ದಾರೆ ಎಂದು ಹೇಳುತ್ತಿರಲಿಲ್ಲ. ಯಾವ ಮಗು ಎದ್ದು "ಮೇಡಂ, ತಪ್ಪು!" ಎನ್ನುತ್ತದೋ ಅದರ ಕೈಗೆ ಸೀಮೆಸುಣ್ಣ. ತಿದ್ದುವವರೆಗೆ ಆ ಮಗುವೇ ಮೇಡಂ, ಮೇಡಂ ಬೆಂಚಿನಲ್ಲಿ. ಮೇಷ್ಟ್ರು ಬರೆದದ್ದನ್ನು ತಪ್ಪು ಎನ್ನುವ ಧೈರ್ಯ ಬಂದ ಮೇಲೆ ಗಣಿತ ತಾನಾಗಿಯೇ ಬರುತ್ತದೆ ಎಂಬುದು ಅವರ ನಂಬಿಕೆ. ಹೊಸ ಶಿಕ್ಷಕರ ಪಾಠ ನೋಡಲು ಹೋದಾಗಲೂ ಅವರು ಶಿಕ್ಷಕರ ಮುಖ ನೋಡುತ್ತಿರಲಿಲ್ಲ. ಕೊನೆಯ ಬೆಂಚಿನ ಮೂವರನ್ನು ಬೋರ್ಡಿಗೆ ಕರೆದು ಲೆಕ್ಕ ಮಾಡಿಸುತ್ತಿದ್ದರು. ಅವರಿಗೆ ಬಂದಷ್ಟೇ ಶಿಕ್ಷಕರಿಗೆ ಅಂಕ.

ಹೀಗೆ ಸೀಮೆಸುಣ್ಣ ಗಿಟ್ಟಿಸಿಕೊಂಡ ಮಕ್ಕಳಲ್ಲಿ ಶಿಲ್ಪಶ್ರೀ ಎಂಬ ಹುಡುಗಿ ಒಬ್ಬಳು. ಉದಯಗಿರಿಯಲ್ಲಿ ಅವಳಪ್ಪನದು ಸೈಕಲ್ಲು ಪಂಕ್ಚರ್ ಅಂಗಡಿ. ಎಂಟನೆಯ ತರಗತಿಯಲ್ಲಿ ವಾರಕ್ಕೆ ಎರಡು ಸಲವಾದರೂ ಮೇಡಂ ತಪ್ಪು ಹಿಡಿಯುತ್ತಿದ್ದವಳು ಬಿ.ಎಸ್‌ಸಿ. ಮುಗಿಸಿ, 1996ರಲ್ಲಿ ಅದೇ ಶಾಲೆಗೆ ತಾತ್ಕಾಲಿಕ ಶಿಕ್ಷಕಿಯಾಗಿ ಬಂದಳು. "ತಾತ್ಕಾಲಿಕ ಅನ್ನೋದು ಈ ಸ್ಕೂಲಲ್ಲಿ ಎಷ್ಟು ವರ್ಷ ನಡೆಯುತ್ತೋ ನನ್ನ ನೋಡಿ ತಿಳ್ಕೊ. ಮೊದಲು ಬಿ.ಎಡ್. ಮಾಡ್ಕೊಂಡು ಬಾ" ಎಂದು ಸರ್ವಮಂಗಳಮ್ಮ ಅವಳನ್ನು ಕಾಲೇಜಿಗೆ ಅಟ್ಟಿದರು. ಮುಗಿಸಿ ಬಂದಳು. ಒಂಬತ್ತು, ಹತ್ತನೆಯ ತರಗತಿಯ ಗಣಿತ ಅವಳ ಪಾಲಿಗೆ ಬಂತು. ಕಾಯಂ ಹುದ್ದೆ ಮಾತ್ರ ಬರಲಿಲ್ಲ.

2001ರ ಜುಲೈಯಲ್ಲಿ ಇಲಾಖೆಯಿಂದ ಒಂದು ಗಣಿತ ಶಿಕ್ಷಕರ ಹುದ್ದೆ ತುಂಬಲು ಅನುಮತಿ ಬಂತು. ಅದು ಬಂದ ಮುಂದಿನ ಭಾನುವಾರ ರುದ್ರಸ್ವಾಮಿಯವರು ಕುಂಬಾರಕೊಪ್ಪಲಿನ ಮನೆಯ ಮುಂದೆ ಕಾರಿನಿಂದಿಳಿದರು. ಎಂಟು ವರ್ಷದಲ್ಲಿ ಒಮ್ಮೆಯೂ ಆ ಕಡೆ ತಲೆ ಹಾಕಿದವರಲ್ಲ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಬೇರೆ.

"ಏನಮ್ಮ ಸರ್ವಮಂಗಳಮ್ಮ, ನಮ್ಮೋರ ಮನೆಗೆ ಬರೋಕೆ ಹೇಳಿ ಕಳಿಸಿ ಬರ್ಬೇಕಾ?" ಎನ್ನುತ್ತ ಕುಳಿತು, ಕಾಫಿ ಕುಡಿದು, ಚೀಲದಿಂದ ಟೈಪು ಮಾಡಿದ ಕಾಗದವೊಂದನ್ನು ತೆಗೆದು ಮುಂದಿಟ್ಟರು. "ಓದ್ಕೊಳಿ."

ಶ್ರೀಮತಿ ಸರ್ವಮಂಗಳಾ ಅವರನ್ನು ಚಿತ್ಕಳಾ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನೇಮಿಸಲಾಗಿದೆ ಎಂದಿತ್ತು. ಸರ್ವಮಂಗಳಮ್ಮ ಎರಡು ಸಲ ಓದಿದರು. 

"ಸಹಿ ಇಲ್ವಲ್ಲ ಸಾರ್."

"ಶನಿವಾರ ಮಧ್ಯಾಹ್ನ ಆಯ್ತದೆ. ಬೆಳಿಗ್ಗೆ ಇಂಟರ್‌ವ್ಯೂ ಮುಗೀಲಿ. ನಮ್ ತಮ್ಮನ ಅಳಿಯ ಮಹಾಂತೇಶ್ ಅಂತ, ಎಂ.ಎಸ್‌ಸಿ. ಮಾಡವ್ನೆ, ಒಳ್ಳೆ ಹುಡುಗ. ನಡಾವಳಿ ಪುಸ್ತಕಕ್ಕೆ ನಿಮ್ದೊಂದು ಸಹಿ, ಇದಕ್ಕೆ ನಂದೊಂದು ಸಹಿ. ಸೋಮವಾರ ಪೇಂಟರ್ ಬತ್ತಾನೆ. ಆ ಹಲಗೆ ಖಾಲಿ ಇದ್ರೆ ಚೆಂದ ಕಾಣಲ್ಲ ಕಣಮ್ಮ."

ಅವರು ಹೋದ ಮೇಲೆ ಸರ್ವಮಂಗಳಮ್ಮ ಬಾಳೆಹಣ್ಣನ್ನು ನೋಡುತ್ತ ಬಹಳ ಹೊತ್ತು ಕುಳಿತರು. ಎಂಟು ವರ್ಷ ಮೂಗಿಗೆ ತುಪ್ಪ ಸವರಿದವರು ಇವತ್ತು ಬಟ್ಟಲನ್ನೇ ತಂದು ಇಟ್ಟು ಹೋಗಿದ್ದರು. "ಏನ್ರೀ ಮಾಡ್ಲಿ?" ಎಂದು ಗಂಡನನ್ನು ಕೇಳಿದರು.

ಬಸವರಾಜು ಯೋಚಿಸಿ ಹೇಳಿದರು: "ಮೊಳೆ ಜೋಡಿಸೋವಾಗ ಅಕ್ಷರ ಎಲ್ಲಾ ಉಲ್ಟಾ ಇರುತ್ತೆ. ಅಚ್ಚಾದ್ಮೇಲೇ ಸರಿಯಾಗಿ ಕಾಣೋದು. ನಿನ್ ಹೆಸ್ರು ಹಲಗೆ ಮೇಲೆ ಬಂದ್ಮೇಲೆ ನಿನಗೇ ಹೆಂಗೆ ಕಾಣುತ್ತೋ, ಅದನ್ನ ಈಗ್ಲೇ ನೋಡ್ಕೊ." ಅವತ್ತಿನ ಮಾತಿನ ಪಾಲೆಲ್ಲ ಅದರಲ್ಲೇ ಖರ್ಚಾಯಿತು.

ಆ ವಾರ ಸರ್ವಮಂಗಳಮ್ಮ ಎರಡು ಮನಸ್ಸಿನಲ್ಲಿದ್ದರು. ಸಹಿ ಹಾಕಿಬಿಡುತ್ತೇನೆ, ಎಂಟು ವರ್ಷ ದುಡಿದಿದ್ದೇನೆ, ಇದು ನನ್ನ ಹಕ್ಕು ಎಂದು ಬಸ್ಸಿನಲ್ಲಿ ಅಂದುಕೊಳ್ಳುವುದು, ಶಾಲೆಯ ಗೇಟು ಬಂದಾಗ ಆ ಮಾತನ್ನು ನುಂಗುವುದು. ಯಾರಿಗೂ ಹೇಳಲಿಲ್ಲ. ಆದರೆ ಶಾಲೆಯ ಗೋಡೆಗಳಿಗೆ ಕಿವಿ ಇರುತ್ತದೆ, ಸ್ಟಾಫ್ ರೂಮಿನ ಗೋಡೆಗೆ ಬಾಯಿಯೂ ಇರುತ್ತದೆ. ಗುರುವಾರ ಶಿಲ್ಪಶ್ರೀ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ ನಿಂತಳು.

"ಮೇಡಂ, ನಾನು ಅರ್ಜಿ ವಾಪಸ್ ತಗೋತೀನಿ. ನನ್ನಿಂದ ನಿಮ್ಮ ಆರ್ಡರ್ ನಿಲ್ಲೋದು ಬೇಡ. ನಂಗೆ ಇನ್ನೂ ವಯಸ್ಸಿದೆ."

ಸರ್ವಮಂಗಳಮ್ಮನಿಗೆ ಎಲ್ಲಿತ್ತೋ ಆ ಸಿಟ್ಟು. ಆ ಹುಡುಗಿಯ ಮೇಲಿನ ಸಿಟ್ಟಲ್ಲ ಅದು, ನಾಲ್ಕು ದಿನದಿಂದ ಬಸ್ಸಿನಲ್ಲಿ ತಾವೇ ಅಂದುಕೊಂಡದ್ದನ್ನು ಅವಳ ಬಾಯಲ್ಲಿ ಕೇಳಿಸಿಕೊಂಡ ಸಿಟ್ಟು. "ಬೋರ್ಡಿನ ಮೇಲೆ ನಾನು ತಪ್ಪು ಬರೆದ್ರೆ ಎದ್ದು ನಿಂತು ಹೇಳ್ತಿದ್ದವಳು ನೀನು. ಈಗ ತಪ್ಪು ಬರೀರಿ, ನಾನು ಕಣ್ಮುಚ್ಕೋತೀನಿ ಅಂತ ಬಂದಿದೀಯ? ನಡಿ ಕ್ಲಾಸಿಗೆ. ಶನಿವಾರ ಒಂಬತ್ತಕ್ಕೆ ಇಲ್ಲಿರ್ಬೇಕು" ಎಂದರು. ಅವಳು ಹೋದ ಮೇಲೆ ನೀರು ಕುಡಿದರು. ಅವರ ಎರಡು ಮನಸ್ಸು ಅಲ್ಲಿಗೆ ಒಂದಾಯಿತು.

ಚಿತ್ಕಳಾ ಶಾಲೆಯಲ್ಲಿ ಶಿಕ್ಷಕರ ಆಯ್ಕೆಗೆ ಒಂದು ಪದ್ಧತಿ ಬೆಳೆದುಬಂದಿತ್ತು. ಅರ್ಜಿ ಹಾಕಿದವರು ಡೆಮೋ ಪಾಠ ಮಾಡಬೇಕು. ಎಲ್ಲಿ? ಆಫೀಸಿನಲ್ಲಿ. ಯಾರಿಗೆ? ಕಮಿಟಿಯವರಿಗೆ. ಅರವತ್ತು ದಾಟಿದ ಮೂವರು ಗಂಡಸರು ಕುರ್ಚಿಯಲ್ಲಿ ಸಾಲಾಗಿ ಕುಳಿತು ಎಂಟನೆಯ ತರಗತಿಯ ಮಕ್ಕಳಾಗುತ್ತಿದ್ದರು. ನಡುವೆ ರುದ್ರಸ್ವಾಮಿಯವರು ಕೈಯೆತ್ತಿ, "ಸಾರ್, ನಂಗೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಎನ್ನುವುದು, ಎಲ್ಲರೂ ನಗುವುದು, ಖಾರಾಬಾತು ಕಾಫಿ ಬರುವುದು. ಆಯ್ಕೆ ಅದಕ್ಕೆ ಮೊದಲೇ ಆಗಿರುತ್ತಿತ್ತು.

ಆ ಶನಿವಾರ ಅರ್ಜಿ ಹಾಕಿದ ಏಳು ಜನರಲ್ಲಿ ಬಂದವರು ಇಬ್ಬರೇ. ಮಿಕ್ಕವರಿಗೆ ಗಾಳಿಸುದ್ದಿ ಮುಟ್ಟಿತ್ತು. ಕಮಿಟಿಯಿಂದ ರುದ್ರಸ್ವಾಮಿಯವರು, ನಿವೃತ್ತ ಡಾಕ್ಟರೊಬ್ಬರು, ಲಾಯರೊಬ್ಬರು ಬಂದು ಕುರ್ಚಿ ಎಳೆದುಕೊಂಡರು. ಸರ್ವಮಂಗಳಮ್ಮ ಕೂರಲಿಲ್ಲ.

"ಡೆಮೋ ಇಲ್ಲಿ ಬೇಡ ಸಾರ್. ಮಕ್ಕಳು ಬಂದಿದಾರೆ. ಕ್ಲಾಸಿಗೇ ಹೋಗೋಣ."

"ಅಯ್ಯೋ, ಅಲ್ಯಾಕಮ್ಮ? ಇಲ್ಲೇ ಆರಾಮಾಗದೆ."

"ಆಯ್ಕೆ ಆದೋರು ನಾಳೆ ನಿಮಗೆ ಪಾಠ ಮಾಡ್ತಾರಾ, ಮಕ್ಕಳಿಗೆ ಮಾಡ್ತಾರಾ?"

ಲಾಯರು ನಕ್ಕುಬಿಟ್ಟರು. ಡಾಕ್ಟರು ಎದ್ದೇ ಬಿಟ್ಟರು. ರುದ್ರಸ್ವಾಮಿಯವರು ವಿಧಿಯಿಲ್ಲದೆ ಎದ್ದರು. ಎಂಟನೆಯ ತರಗತಿಯಲ್ಲಿ ಎರಡು ವಿಭಾಗಕ್ಕೆ ಈಗ ಬಿಡುವಿದೆ, 'ಬಿ' ಮತ್ತು 'ಸಿ', ಯಾರಿಗೆ ಯಾವುದು ನೀವೇ ಹೇಳಿ ಎಂದು ಸರ್ವಮಂಗಳಮ್ಮ ಕೇಳಿದರು. 'ಬಿ'ಯಲ್ಲಿ ಚುರುಕು ಮಕ್ಕಳು, 'ಸಿ'ಯಲ್ಲಿ ಒಂದೊಂದು ತರಗತಿಯಲ್ಲಿ ಎರಡೆರಡು ವರ್ಷ ಕೂತವರು ಎಂಬುದು ಕಾರ್ಯದರ್ಶಿಗಳಿಗೂ ತಿಳಿದಿತ್ತು. "ಮಹಾಂತೇಶ್‌ಗೆ 'ಬಿ'ನೇ ಇರ್ಲಿ" ಎಂದರು. ಪಾಠ ಇಬ್ಬರಿಗೂ ಒಂದೇ: ಎರಡು ಸಂಖ್ಯೆ ಕೂಡಿ ಬಂದದ್ದರ ವರ್ಗ.

ಮಹಾಂತೇಶ್ ಅಚ್ಚುಕಟ್ಟಾದ ಹುಡುಗ. ಬೋರ್ಡಿನ ಮೇಲೆ ಗೆರೆ ಹೊಡೆದಂತೆ ಬರೆದ. ಸೂತ್ರ ಬರೆದ, ಸೂತ್ರ ಓದಿಸಿದ, ಮಕ್ಕಳು ಒಕ್ಕೊರಲಿನಲ್ಲಿ ಮೂರು ಸಲ ಹೇಳಿದರು. ರುದ್ರಸ್ವಾಮಿಯವರ ಮುಖ ಅರಳಿತು. ಆಮೇಲೆ ಸರ್ವಮಂಗಳಮ್ಮ ಕೊನೆಯ ಬೆಂಚಿನ ಮೂವರನ್ನು ಬೋರ್ಡಿಗೆ ಕರೆದು, ಮೂರು ಮತ್ತು ನಾಲ್ಕನ್ನು ಕೂಡಿ ವರ್ಗ ಮಾಡಿ ಎಂದರು. ಮೂವರೂ ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಒಟ್ಟು ಇಪ್ಪತ್ತೈದು ಎಂದು ಬರೆದರು. ಚುರುಕು ಮಕ್ಕಳೇ. ಸೂತ್ರ ಈಗಲೂ ಬಾಯಿಗೆ ಬರುತ್ತಿತ್ತು, ಕೈಗೆ ಬರಲಿಲ್ಲ.

'ಸಿ' ವಿಭಾಗದಲ್ಲಿ ಶಿಲ್ಪಶ್ರೀ ಅದೇ ಲೆಕ್ಕ ಬರೆದು, ಒಂಬತ್ತು, ಹದಿನಾರು, ಇಪ್ಪತ್ತೈದು ಎಂದು ತಾನೇ ತಪ್ಪಾಗಿ ಮುಗಿಸಿ, ಕೈ ಝಾಡಿಸಿಕೊಂಡು ನಿಂತಳು. ತರಗತಿ ಸುಮ್ಮನಿತ್ತು. ರುದ್ರಸ್ವಾಮಿಯವರು ಡಾಕ್ಟರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಕಿಟಕಿಯ ಪಕ್ಕದ ದಪ್ಪ ಜಡೆಯ ಹುಡುಗಿಯೊಬ್ಬಳು ಮೆಲ್ಲಗೆ ಎದ್ದು, "ಮಿಸ್, ಮೂರೂ ನಾಲ್ಕೂ ಏಳು ಅಲ್ವಾ? ಏಳೇಳ್ಲಿ ನಲವತ್ತೊಂಬತ್ತು. ಇಪ್ಪತ್ತೈದು ಎಂಗಾಯ್ತದೆ?" ಎಂದಳು. "ಹೌದಲ್ವಾ! ಇನ್ನು ಇಪ್ಪತ್ನಾಲ್ಕು ಎಲ್ಲಿ ಕಳೆದೋಯ್ತು? ಹುಡುಕ್ರೋ" ಎಂದು ಶಿಲ್ಪಶ್ರೀ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು ತಾನು ಬೆಂಚಿನಲ್ಲಿ ಕುಳಿತಳು. ಆಮೇಲೆ ಆದದ್ದು ಪಾಠವೋ ಗಲಾಟೆಯೋ ಹೇಳುವುದು ಕಷ್ಟ. ಗಂಟೆ ಹೊಡೆಯುವಷ್ಟರಲ್ಲಿ ಕಳೆದುಹೋದ ಇಪ್ಪತ್ತನಾಲ್ಕು, ಮೂರನ್ನು ನಾಲ್ಕರಿಂದ ಗುಣಿಸಿ ಎರಡು ಸಲ ಕೂಡಿದ್ದು, ಸಿಕ್ಕಿತ್ತು. ಕೊನೆಯ ಬೆಂಚಿನ ಮೂವರಲ್ಲಿ ಇಬ್ಬರು ಬೇರೆ ಸಂಖ್ಯೆ ಕೊಟ್ಟರೂ ಸರಿಯಾಗಿ ಮಾಡಿದರು. ಮೂರನೆಯವನು ತಪ್ಪು ಮಾಡಿ, ತಾನೇ ನೋಡಿ, ತಾನೇ ಒರೆಸಿದ.

ಆಫೀಸಿಗೆ ಬಂದು ನಡಾವಳಿ ಪುಸ್ತಕ ತೆರೆದರೆ ಅಂಕಗಳು ಆಗಲೇ ಪೆನ್ಸಿಲಿನಲ್ಲಿ ಕುಳಿತಿದ್ದವು. ಮಹಾಂತೇಶ್ ತೊಂಬತ್ತೆರಡು, ಶಿಲ್ಪಶ್ರೀ ಎಪ್ಪತ್ತೊಂದು. ಪಾಠ ನೋಡುವ ಮೊದಲೇ ಬರೆದದ್ದು.

"ಇಂಕು ಮಾಡಿ ಸಹಿ ಹಾಕ್ಬುಡಿ" ಎಂದು ರುದ್ರಸ್ವಾಮಿಯವರು ಪುಸ್ತಕವನ್ನು ಸರಿಸಿ, ಪಕ್ಕದಲ್ಲಿ ಆ ಟೈಪು ಮಾಡಿದ ಆರ್ಡರನ್ನೂ ಇಟ್ಟರು. ಮಾತಿಲ್ಲದೆ ಎಲ್ಲ ಹೇಳಿದಂತಾಯಿತು.

ಸರ್ವಮಂಗಳಮ್ಮ ಪೆನ್ನು ತೆಗೆದರು. ಬರೆದರು: "ನಾನು ಕಂಡ ಎರಡು ಪಾಠಗಳಲ್ಲಿ ಮಕ್ಕಳಿಗೆ ತಿಳಿದದ್ದು ಎರಡನೆಯದು. ಈ ಅಂಕಗಳನ್ನು ಪಾಠಕ್ಕೆ ಮೊದಲೇ ಬರೆಯಲಾಗಿದೆ. ನನ್ನ ಒಪ್ಪಿಗೆ ಇಲ್ಲ." ಕೆಳಗೆ ಸಹಿ, ಸಹಿಯ ಕೆಳಗೆ ಎಂದಿನಂತೆ ಪ್ರಭಾರಿ.

ಓದಿದ ರುದ್ರಸ್ವಾಮಿಯವರ ಬಾಯಲ್ಲಿ ಬೆಲ್ಲ ಉಳಿಯಲಿಲ್ಲ. "ನಿಮ್ ಶಿಷ್ಯೆ ಅಂತ ಈ ಆಟ ಆಡ್ತಿದೀರಾ?"

"ನನ್ ಶಿಷ್ಯೆನೇ. ಅವಳನ್ನ 'ಸಿ' ಸೆಕ್ಷನ್ನಿಗೆ ಕಳಿಸಿದ್ದು ನಾನಲ್ಲ, ನೀವು."

"ಹೋಗ್ಲಿ ಬುಡಿ. ನೀವು ಬರೀ ಇನ್‌ಚಾರ್ಜು. ನಿಮ್ ಸಹಿಗೆ ಯಾವ ಬೆಲೆನೂ ಇಲ್ಲ. ನಾವು ಮೂರು ಜನ ಹಾಕುದ್ರೆ ಸಾಕು."

ನೋಡಿ, ಎಂಟು ವರ್ಷ ಬೇಕೆಂದೇ ಪ್ರಭಾರಿಯಾಗಿ ಕೂರಿಸಿದವರು ಮಾಡುವ ತಪ್ಪು ಇದು. ಸರ್ವಮಂಗಳಮ್ಮ ಎದ್ದು ಬೀರುವಿನ ಬೀಗ ತೆಗೆದರು. ಶಾಲೆ ಬಿಟ್ಟು ಹೋಗುವ ಮಕ್ಕಳಿಗೆ ಕೊಡುವ ಟಿ.ಸಿ.ಯ ಪುಸ್ತಕಗಳು, ಎಂಟು ವರ್ಷದವು, ಒಂದೊಂದಾಗಿ ತಂದು ಆರ್ಡರಿನ ಮೇಲೆ ಒಟ್ಟಿದರು. ಧೂಳಿಗೆ ಡಾಕ್ಟರು ಸೀನಿದರು.

"ಬೆಲೆ ಇಲ್ಲ ಅನ್ನೋದನ್ನ ಒಂದು ಕಾಗದದಲ್ಲಿ ಬರ್ಕೊಡಿ ಸಾರ್. ನಾನೇ ಇಲಾಖೆಗೆ ತಗೊಂಡ್ಹೋಗ್ತೀನಿ. ಎಂಟು ವರ್ಷದಲ್ಲಿ ಈ ಸ್ಕೂಲಿಂದ ಆಚೆ ಹೋದ ಒಂದೊಂದು ಮಗುವಿನ ಟಿ.ಸಿ. ಮೇಲೂ ಇರೋದು ಇದೇ ಸಹಿ. ಬೆಲೆ ಇಲ್ಲ ಅಂದ್ರೆ ಎಲ್ಲಾರನ್ನೂ ವಾಪಸ್ ಕರೀಬೇಕು. ಮೊದಲು ನಿಮ್ ಮೊಮ್ಮಗಳನ್ನೇ ಕರೀತೀನಿ. ಇಂಜಿನಿಯರಿಂಗ್ ಎರಡನೇ ವರ್ಷ ಅಲ್ವಾ?"

ಲಾಯರು ಗಂಟಲು ಸರಿಮಾಡಿಕೊಂಡು, "ರುದ್ರಸ್ವಾಮಿಗಳೇ, ಅದನ್ನ ಮಾತ್ರ ಬರ್ಕೊಡ್ಬೇಡಿ" ಎಂದರು. ತಟ್ಟನೆ ರಬ್ಬರು ಹುಡುಕಿದವರು ಡಾಕ್ಟರು. ಹತ್ತು ನಿಮಿಷದಲ್ಲಿ ಪೆನ್ಸಿಲಿನ ಅಂಕ ಅಳಿಸಿತು, ಹೊಸ ಅಂಕ ಬಂತು, ಶಿಲ್ಪಶ್ರೀಯ ಹೆಸರು ಇಂಕಿನಲ್ಲಿ ಬಂತು, ಮೂವರೂ ಸಹಿ ಹಾಕಿದರು. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರಂತೆ ರುದ್ರಸ್ವಾಮಿಯವರು ಟಿ.ಸಿ. ಪುಸ್ತಕಗಳ ಅಡಿಯಿಂದ ತಮ್ಮ ಆರ್ಡರನ್ನು ಎಳೆದು ಮಡಚಿ ಚೀಲಕ್ಕೆ ಹಾಕಿಕೊಂಡರು.

"ನಾನು ಸೆಕ್ರೆಟರಿ ಆಗಿರೋಗಂಟ ಆ ಹಲಗೆ ಮೇಲೆ ನಿಮ್ ಹೆಸ್ರು ಬರಾಕಿಲ್ಲ."

"ಬರೋದು ಬ್ಯಾಡ ಬುಡಿ. ನಾನೇನು ಹಲಗೆಗೆ ಪಾಠ ಮಾಡ್ತಿದೀನಾ?"

ಮಹಾಂತೇಶ್ ಹೊರಗೆ ಕಾದು ನಿಂತಿದ್ದವನು, "ಆ ಮೂರು ಮಕ್ಕಳು ಇಪ್ಪತ್ತೈದು ಬರೆದಾಗಲೇ ನಂಗೆ ಗೊತ್ತಾಯ್ತು ಮೇಡಂ" ಎಂದ. ಆ ಮಾತಿಗೆ ಸರ್ವಮಂಗಳಮ್ಮನಿಗೆ ಅವನ ಮೇಲೆ ಸ್ವಲ್ಪ ಪ್ರೀತಿ ಬಂತು. "ಒಂದು ತಿಂಗಳು ಬಂದು ನನ್ ಕ್ಲಾಸಲ್ಲಿ ಕೂತ್ಕೊ" ಎಂದರು. ಅವನು ನಿಜವಾಗಿಯೂ ಬಂದು ಕುಳಿತ. ಮುಂದೆ ಬೇರೊಂದು ಶಾಲೆ ಸೇರಿದ.

ಹೊರಗೆ ಅಷ್ಟು ಗಟ್ಟಿಯಾಗಿದ್ದವರು ಅವತ್ತು ಮನೆಗೆ ಹೋಗಿ ಅತ್ತರು. ಕೈಗೆ ಬಂದ ತುತ್ತನ್ನು ತಾವೇ ತಟ್ಟೆಗೆ ಹಾಕಿ ಎದ್ದು ಬಂದ ದುಃಖ ಅದು, ನ್ಯಾಯವಾಗಿ ನಡೆದುಕೊಂಡೆ ಎಂಬುದರಿಂದ ಅದೇನೂ ಕಡಿಮೆಯಾಗುವುದಿಲ್ಲ. ಬಸವರಾಜು ಅನ್ನಕ್ಕಿಟ್ಟು, ಸಾರು ಬಿಸಿ ಮಾಡಿ, ಪಕ್ಕದಲ್ಲಿ ಬಂದು ಕುಳಿತರು. 

ರುದ್ರಸ್ವಾಮಿಯವರು ಮಾತಿಗೆ ತಪ್ಪಲಿಲ್ಲ. ಸೀನಿಯಾರಿಟಿ ದಾಟಿ ಬೇರೆಯವರನ್ನು ತರಲಾರರು, ಇವರಿಗೆ ಕೊಡಲೊಲ್ಲರು. ಇನ್ನೂ ಆರು ವರ್ಷ ಹಾಗೇ ಹೋಯಿತು. ಇವರಿಗಿಂತ ಕಿರಿಯರು ಬೇರೆ ಬೇರೆ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರಾದರು. ಅವರಲ್ಲಿ ಮೂವರು ಇವರ ಕೈಕೆಳಗೆ ತಾತ್ಕಾಲಿಕವಾಗಿ ಸೇರಿ, ಇವರಿಂದ ಬೈಸಿಕೊಂಡು ಬಿ.ಎಡ್. ಮುಗಿಸಿದವರು. ಅವರ ಹೆಸರು ಅವರವರ ಶಾಲೆಯ ಹಲಗೆಯ ಮೇಲೆ ಬಂದಾಗ ಸಿಹಿ ಹಿಡಿದು ಬರುತ್ತಿದ್ದರು. ಸರ್ವಮಂಗಳಮ್ಮ ಸಿಹಿ ತಿಂದು, ಮುಂದೆ ಬಂದ ಟಿ.ಸಿ.ಗೆ ಸಹಿ ಹಾಕಿ, ಕೆಳಗೆ ಪ್ರಭಾರಿ ಎಂದು ಬರೆಯುತ್ತಿದ್ದರು. ಆ ಅಕ್ಷರಗಳು ವರ್ಷ ಕಳೆದಂತೆ ದೊಡ್ಡವಾಗುತ್ತ ಹೋದವು. ಕೊನೆಕೊನೆಗೆ ಹೆಸರಿಗಿಂತ ಅದೇ ದೊಡ್ಡದಿತ್ತು.

"ವನವಾಸಕ್ಕಾದ್ರೂ ಕೊನೆಗೊಂದು ಪಟ್ಟ ಅಂತ ಐತೆ" ಎಂದು ಕೆಂಚಮ್ಮ ಗೊಣಗುತ್ತಿದ್ದಳು. ಪಟ್ಟ ಬಂತು. ಎಂಥದು ಕೇಳಿ.

2007ಕ್ಕೆ ಶಾಲೆಗೆ ಐವತ್ತು ವರ್ಷ. ಜೂನಿನಲ್ಲಿ ಸುವರ್ಣ ಮಹೋತ್ಸವ, ದೊಡ್ಡ ದೊಡ್ಡ ಅತಿಥಿಗಳು, ಹಳೆಯ ವಿದ್ಯಾರ್ಥಿಗಳು. ಸರ್ವಮಂಗಳಮ್ಮನ ನಿವೃತ್ತಿ ಮೇ ಮೂವತ್ತೊಂದಕ್ಕೆ. ಬಂದ ಅತಿಥಿಗಳು ಮುಖ್ಯೋಪಾಧ್ಯಾಯರ ಕೋಣೆಯಲ್ಲೇ ಕಾಫಿ ಕುಡಿಯಬೇಕು, ಎದುರಿಗೇ ಹಲಗೆ, ಹಲಗೆಯಲ್ಲಿ 1993ರಿಂದ ಈಚೆಗೆ ಯಾರೂ ಇಲ್ಲ. ರುದ್ರಸ್ವಾಮಿಯವರಿಗೆ ಅದು ಹೊಳೆದದ್ದು ಮೇ ತಿಂಗಳ ಕೊನೆಯ ವಾರ. ಮಾತು ಬದಲಿಸುವುದು ಅವರಿಗೆ ಕಷ್ಟವೇನಲ್ಲ.

ಮೂವತ್ತೊಂದರ ಬೆಳಿಗ್ಗೆ ಸರ್ವಮಂಗಳಮ್ಮ ಕೋಣೆಗೆ ಬಂದರೆ ಪೇಂಟರು ಸ್ಟೂಲು ಹತ್ತಿ ನಿಂತಿದ್ದ. ಲಕ್ಷ್ಮೀನರಸಿಂಹ ಎಂಬುದರ ಕೆಳಗೆ 'ಸರ್ವಮಂಗಳಾ' ಎಂಬ ಹೆಸರು ಆಗಲೇ ಬಂದಿತ್ತು, ಬಣ್ಣ ಇನ್ನೂ ಹಸಿ. ಆಚೆ ತುದಿಗೆ ವರ್ಷಗಳನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ. ಕುರ್ಚಿಯಲ್ಲಿ ರುದ್ರಸ್ವಾಮಿಯವರು ಹಾರ ಹಿಡಿದು ಕುಳಿತಿದ್ದರು, ಮುಖದ ತುಂಬ ಬೆಲ್ಲ. ಶಿಲ್ಪಶ್ರೀ, ಕೆಂಚಮ್ಮ, ಮಿಕ್ಕ ಶಿಕ್ಷಕರು ಬಾಗಿಲಲ್ಲಿ ನೆರೆದಿದ್ದರು.

"ನೋಡಿಯಮ್ಮ, ಕೊನೆಗೂ ಬಂತು. ಹಳೇದೆಲ್ಲ ಮರ್ತುಬುಡಿ."

ಸರ್ವಮಂಗಳಮ್ಮ ತಮ್ಮ ಹೆಸರನ್ನು ನೋಡಿದರು. ಹದಿನಾಲ್ಕು ವರ್ಷ ಆ ಜಾಗ ಒರೆಸಿದವರು. ಕಣ್ಣು ತುಂಬಿತು, ತುಂಬಲಿ ಎಂದು ಬಿಟ್ಟರು. ಅವರ ದೃಷ್ಟಿ ಹಲಗೆಯ ಮೇಲ್ತುದಿಗೆ ಹೋಯಿತು. ಅಲ್ಲಿ 'ಮುಖ್ಯೋಪಾಧ್ಯಾಯರು' ಎಂದು ದೊಡ್ಡದಾಗಿ ಬರೆದಿತ್ತು.

"ತಪ್ಪು" ಎಂದರು.

ಪೇಂಟರು ಗಾಬರಿಯಿಂದ ತಿರುಗಿದ. "ಅಕ್ಷರ ತಪ್ಪಾಯ್ತಾ ಮೇಡಂ?"

"ಅಕ್ಷರ ಸರಿ ಇದೆ, ಲೆಕ್ಕ ತಪ್ಪು. ನನ್ ಹೆಸರಿನ ಮುಂದೆ 'ಪ್ರಭಾರಿ' ಅಂತ ಬರಿಯಪ್ಪ. ಆಮೇಲೆ 1993ರಿಂದ 2007."

"ಜಾಗ ಸಾಲಲ್ವೇನೋ ಮೇಡಂ."

"ಸಾಲುತ್ತೆ. ನಾನು ಗೇಣು ಹಾಕಿ ನೋಡಿದೀನಿ."

ರುದ್ರಸ್ವಾಮಿಯವರು ಹಾರ ಹಿಡಿದೇ ಎದ್ದರು. "ಏನ್ ಹಟ ಇದು? ಒಳ್ಳೇದು ಮಾಡಾಕೆ ಬಂದ್ರೆ... ಜನ ನೋಡಿ ಕೇಳ್ತಾರೆ, ಹದಿನಾಲ್ಕು ವರ್ಷ ಪ್ರಭಾರಿ ಯಾಕೆ ಅಂತ."

"ಕೇಳ್ಲಿ ಅಂತಾನೇ ಬರೆಸ್ತಿರೋದು ಸಾರ್. ಕೊಡ್ದೇ ಇದ್ದಿದ್ದನ್ನ ಕೊಟ್ಟಂಗೆ ಬರೆಸ್ಕೊಂಡು ಹೋದ್ರೆ, ನಾಳೆ ಈ ಕೋಣೆಗೆ ಬರೋರನ್ನೂ ಹಿಂಗೇ ಕೂರಿಸ್ತೀರ. ಮಕ್ಕಳಿಗೆ ಹಲಗೆ ಮೇಲಿನ ತಪ್ಪು ಹಿಡಿಯೋದು ಕಲಿಸ್ದೋಳು ನಾನು. ನನ್ ಹೆಸ್ರಲ್ಲೇ ತಪ್ಪು ಬಿಟ್ಟು ಹೋಗ್ಲಾ?"

ಪೇಂಟರು ಕುಂಚ ಹಿಡಿದು ಇಬ್ಬರ ಮುಖವನ್ನೂ ನೋಡಿದ. ಆಗ ಶಿಲ್ಪಶ್ರೀ ಒಳಗೆ ಬಂದು, ಮೇಜಿನ ಮೇಲಿದ್ದ ಸೀಮೆಸುಣ್ಣದ ತುಂಡನ್ನು ಮೇಡಂ ಕೈಗೆ ಕೊಟ್ಟಳು. ತಪ್ಪು ಹಿಡಿದವರಿಗೆ ಸೀಮೆಸುಣ್ಣ, ಶಾಲೆಯ ನಿಯಮ. ಸರ್ವಮಂಗಳಮ್ಮ ಸ್ಟೂಲು ಹತ್ತಿ, ತಮ್ಮ ಹೆಸರಿನ ಮುಂದೆ ತಾವೇ ಗುರುತು ಹಾಕಿದರು. ಪೇಂಟರು ಅದರ ಮೇಲೆ ಬಣ್ಣ ಎಳೆದ. ಜಾಗ ಸರಿಯಾಗಿ ಸಾಕಾಯಿತು.

ಜೂನಿನಲ್ಲಿ ಹೊಸ ಮುಖ್ಯೋಪಾಧ್ಯಾಯರು ಬಂದರು. ಮೊದಲ ದಿನವೇ ಆರ್ಡರು ಕೈಯಲ್ಲಿತ್ತು, ಕಮಿಟಿಯವರು ಒಂದು ವಾರವೂ ತಡಮಾಡಲಿಲ್ಲ. ಅವರು ಕುರ್ಚಿಯಲ್ಲಿ ಕುಳಿತು ಹಲಗೆ ಓದಿದರು, ಇನ್ನೊಮ್ಮೆ ಓದಿದರು, ಕಾಫಿ ತಂದ ಕೆಂಚಮ್ಮನ ಕಡೆ ತಿರುಗಿದರು.

"ಇದೇನಮ್ಮ ಇದು, ಹದಿನಾಲ್ಕು ವರ್ಷ ಪ್ರಭಾರಿನಾ?"

ಕೆಂಚಮ್ಮ ಲೋಟ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಬಾಗಿಲು ಪೂರ್ತಿ ತೆರೆದಳು. "ಯೋಳ್ತೀನಿ ಕೇಳಿ ಸಾ" ಎಂದಳು.